ಬೆಚ್ಚಗಿನ ಕಡಲಿನಲ್ಲಿ ಹುಟ್ಟು ಹಿಡಿಯುವ ಮುನ್ನ

ಥಾಯ್ಲೆಂಡಿಗೆ ಹೋಗುತ್ತಿದ್ದೇವೆ ಎಂದರೆ ನಮ್ಮ ಡೊಂಬಿವಲಿಯ ಸೊಸೈಟಿಯಲ್ಲಿ ಎಲ್ಲರಿಗೂ ನೆನಪಾಗುವುದು ಬ್ಯಾಂಕಾಕ್ ಮತ್ತು ಪಟ್ಟಾಯ. ಅಲ್ಲ, ಸಮುದ್ರದಲ್ಲಿ ಕಯಾಕ್ ನಡೆಸಲು ಹೋಗುತ್ತಿದ್ದೇವೆ ಎಂದರೆ ಮುಂದಿನ ಪ್ರಶ್ನೆ, "ಈ ವಯಸ್ಸಿನಲ್ಲಾ?" ನನಗೆ 53, ನನ್ನಾಕೆಗೆ 49. ಜೊತೆಗೆ ಬರುವವರು ಪುಣೆಯಲ್ಲಿರುವ ಭಾವಮೈದುನ ಮತ್ತು ಚೆನ್ನೈಯಲ್ಲಿ ನೆಲೆಸಿದ ನನ್ನ ಕಾಲೇಜು ಗೆಳೆಯ. ನಾಲ್ವರಲ್ಲಿ ನನ್ನಾಕೆಗೆ ಈಜು ಬರುವುದಿಲ್ಲ. ಜನವರಿ ಕೊನೆಗೆ ಹೊರಡುವ ಈ ಪ್ರವಾಸಕ್ಕೆ ಆರು ತಿಂಗಳ ತಯಾರಿ ಬೇಕಾದದ್ದು ಮುಖ್ಯವಾಗಿ ಆ ಒಂದು ಕಾರಣಕ್ಕೆ. ಈ ತಯಾರಿಯಲ್ಲಿ ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಅಲ್ಲಿಗೇ ಏಕೆ?

ಫುಕೆಟ್ ಮತ್ತು ಕ್ರಾಬಿಯ ನಡುವೆ ಅಂಡಮಾನ್ ಸಮುದ್ರ ಒಳಗೆ ಚಾಚಿಕೊಂಡಿರುವ ಭಾಗವೇ ಫಾಂಗ್ ನ್ಗಾ ಕೊಲ್ಲಿ. ಆಳ ಕಡಿಮೆ, ಸುತ್ತಲೂ ನೆಲದ ಆಸರೆ, ಉತ್ತರದ ಅಂಚಿಗೆ ಕಾಂಡ್ಲಾ ಕಾಡು. 25 ಕೋಟಿ ವರ್ಷಗಳಿಗೂ ಹಳೆಯ ಸುಣ್ಣಕಲ್ಲಿನ ಗುಡ್ಡಗಳು ನೀರಿನಿಂದ ಕಂಬಗಳ ಹಾಗೆ ನೇರವಾಗಿ ಎದ್ದಿವೆ. 1981ರಿಂದ ಇದರ ಬಹುಭಾಗ ರಾಷ್ಟ್ರೀಯ ಉದ್ಯಾನ. 1974ರ ಜೇಮ್ಸ್ ಬಾಂಡ್ ಚಿತ್ರದಿಂದ ಹೆಸರಾದ ಕಲ್ಲಿನ ಕಂಬವೂ ಇಲ್ಲಿಯದೇ. ಅಲ್ಲಿ ಜನಜಾತ್ರೆ; ನಮ್ಮ ಪಟ್ಟಿಯಲ್ಲಿ ಅದಿಲ್ಲ.

ನಮ್ಮನ್ನು ಸೆಳೆದದ್ದು 'ಹಾಂಗ್'ಗಳು. ಥಾಯ್ ಭಾಷೆಯಲ್ಲಿ ಹಾಂಗ್ ಎಂದರೆ ಕೋಣೆ. ಮಳೆನೀರು ಸುಣ್ಣಕಲ್ಲನ್ನು ಕರಗಿಸುತ್ತಾ ಗುಡ್ಡದ ಹೊಟ್ಟೆಯಲ್ಲಿ ಗುಹೆ ಕೊರೆಯಿತು, ಚಾವಣಿ ಕುಸಿಯಿತು, ಸಮುದ್ರ ಒಳಗೆ ಬಂತು. ಈಗ ಅದು ಸುತ್ತಲೂ ಗೋಡೆ, ಮೇಲೆ ಆಕಾಶ ಇರುವ ಒಂದು ಕೊಳ. ಒಳಗೆ ಹೋಗಲು ಇರುವುದು ಕತ್ತಲೆಯ ಸುರಂಗ ಮಾತ್ರ. ಕೆಲವು ಕಡೆ ಕಯಾಕಿನಲ್ಲಿ ಅಂಗಾತ ಮಲಗಿ ದಾಟಬೇಕು. ಮೋಟಾರು ದೋಣಿಯಿಂದ ಸಾಧ್ಯವಾಗದ, ಕಯಾಕಿನಿಂದ ಮಾತ್ರ ಸಿಗುವ ಜಾಗ ಇದು.

ನಮ್ಮ ರಜೆಯೂ ಅವರ ಸಮುದ್ರವೂ

ಮಹಾನಗರದಲ್ಲಿರುವ ನಮಗೆಲ್ಲ ಪ್ರವಾಸ ಎಂದರೆ ಮಕ್ಕಳಿಗೆ ರಜೆ ಸಿಗುವ ಮೇ ತಿಂಗಳು. ಆದರೆ ಅಂಡಮಾನ್ ಸಮುದ್ರಕ್ಕೆ ನೈಋತ್ಯ ಮಳೆಮಾರುತ ಕೇರಳಕ್ಕಿಂತಲೂ ಮೊದಲೇ, ಮೇ ಮೂರನೆಯ ವಾರದ ಹೊತ್ತಿಗೆ ತಲುಪುತ್ತದೆ. ಅಲ್ಲಿಂದ ಅಕ್ಟೋಬರ್‌ವರೆಗೆ ಪಶ್ಚಿಮದ ಗಾಳಿ, ದೊಡ್ಡ ಅಲೆ. 2018ರ ಜುಲೈ 5ರಂದು ಫುಕೆಟ್ ಬಳಿ ಪ್ರವಾಸಿ ದೋಣಿಯೊಂದು ಬಿರುಗಾಳಿಗೆ ಸಿಕ್ಕಿ ಮುಳುಗಿ 47 ಜನ ಸತ್ತರು. ಅದು ದೊಡ್ಡ ಮೋಟಾರು ದೋಣಿ. ಮಳೆಗಾಲದಲ್ಲಿ ಹೋಟೆಲು ಅಗ್ಗ, ನಿಜ. ಆ ಕಾಲದಲ್ಲಿ ಮಲ್ಪೆಯಲ್ಲೂ ದೋಣಿ ದಡದ ಮೇಲಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಚೆನ್ನೈನ ಗೆಳೆಯ ಸಮುಯಿ ದ್ವೀಪಕ್ಕೆ ಹೋಗೋಣ ಎಂದಿದ್ದ. ಅದು ಥಾಯ್ಲೆಂಡಿನ ಪೂರ್ವ ಬದಿಗಿದೆ. ಅಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಥೇಟ್ ಅವನ ಚೆನ್ನೈಯ ಹಾಗೆ. ಹೀಗಾಗಿ ನಾವೊಂದು ಲೆಕ್ಕ ಮಾಡಿಕೊಂಡೆವು: ಪಶ್ಚಿಮ ಬದಿಗೆ ಮಂಗಳೂರಿನ ಮಳೆಗಾಲ, ಪೂರ್ವ ಬದಿಗೆ ಚೆನ್ನೈಯ ಮಳೆಗಾಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪಶ್ಚಿಮ ಬದಿಯ ಕಡಲು ಶಾಂತ, ನೀರು 28 ಡಿಗ್ರಿಯ ಆಸುಪಾಸು.

ಶಾಂತ ಎಂದರೂ ಗಾಳಿ ಇಲ್ಲವೆಂದಲ್ಲ. ಈ ತಿಂಗಳುಗಳಲ್ಲಿ ಈಶಾನ್ಯದಿಂದ, ಅಂದರೆ ನೆಲದ ಕಡೆಯಿಂದ ಗಾಳಿ ಬೀಸುತ್ತದೆ. ದಡದಲ್ಲಿ ನಿಂತು ನೋಡಿದರೆ ನೀರು ಕನ್ನಡಿಯಂತೆ ಕಾಣುತ್ತದೆ. ಗುಡ್ಡದ ಮರೆ ಬಿಟ್ಟು ಮುಂದೆ ಹೋದ ಮೇಲೆ ಅದೇ ಗಾಳಿ ಕಯಾಕನ್ನು ಹೊರಗಡಲಿಗೆ ತಳ್ಳುತ್ತದೆ, ವಾಪಸು ಬರುವಾಗ ಎದುರಾಗುತ್ತದೆ. ಹೊಸಬರು ಗಂಟೆಗೆ ನಾಲ್ಕು ಕಿಲೋಮೀಟರು ಹೋದಾರು. ಎದುರು ಗಾಳಿಯಿದ್ದರೆ ಅದರ ಅರ್ಧ. ಅದಕ್ಕೇ ದಿನಕ್ಕೆ ಎಂಟು-ಹತ್ತು ಕಿಲೋಮೀಟರಿಗಿಂತ ಹೆಚ್ಚು ಬೇಡವೆಂದು ನಿರ್ಧರಿಸಿದ್ದೇವೆ. ಬೆಳಗಿನ ಹೊತ್ತಿನಲ್ಲೇ ಅಷ್ಟೂ ಮುಗಿಯಬೇಕು.

ಪಂಚಾಂಗ ನೋಡಿ ಟಿಕೆಟ್

ವಿಮಾನದ ಟಿಕೆಟ್ ತೆಗೆಯುವ ಮೊದಲು ನಾನು ಪಂಚಾಂಗ ತೆಗೆದೆ. ಭಾವಮೈದುನ ನಕ್ಕ. "ಭಾವ, ಮುಹೂರ್ತ ನೋಡ್ತೀರಾ?" ಎಂದ. ನಾನು ನೋಡಿದ್ದು ತಿಥಿಯನ್ನು. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಉಬ್ಬರ-ಇಳಿತ ಅತಿ ಹೆಚ್ಚು. ಅಷ್ಟಮಿ ಕಳೆದ ಮೇಲೆ ಅತಿ ಕಡಿಮೆ. ನಮ್ಮ ಕರಾವಳಿಯಲ್ಲಿ ಬಲೆ ಬೀಸುವವರಿಗೆಲ್ಲ ಗೊತ್ತಿರುವ ವಿಷಯವಿದು. ಮುಂಬಯಿಯವರಿಗಂತೂ ಮಳೆಗಾಲದಲ್ಲಿ ನಾಲ್ಕೂವರೆ ಮೀಟರಿನ ಉಬ್ಬರ ಯಾವ ದಿನ ಎಂದು ಪತ್ರಿಕೆ ಓದಿಯೇ ಅಭ್ಯಾಸ.

ಫಾಂಗ್ ನ್ಗಾದಲ್ಲಿ ದೊಡ್ಡ ಉಬ್ಬರದ ದಿನ ನೀರಿನ ಮಟ್ಟ ಎರಡೂವರೆ ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಅಷ್ಟು ನೀರು ದ್ವೀಪಗಳ ಸಂದಿಯಲ್ಲಿ ಆರು ಗಂಟೆಯಲ್ಲಿ ನುಗ್ಗಿ, ಮುಂದಿನ ಆರು ಗಂಟೆಯಲ್ಲಿ ಹಿಂದಿರುಗಬೇಕು. ಸಂದಿ ಕಿರಿದಾದಷ್ಟೂ ಸೆಳೆತ ಜೋರು. ಹಾಂಗ್‌ಗಳಿಗೆ ಇನ್ನೊಂದು ತೊಡಕು: ಉಬ್ಬರ ಹೆಚ್ಚಾದರೆ ಸುರಂಗದ ಚಾವಣಿಗೆ ತಲೆ ಬಡಿಯುತ್ತದೆ, ಇಳಿತ ಹೆಚ್ಚಾದರೆ ಕಯಾಕಿನ ತಳ ಕೆಸರಿಗೆ ಕೂರುತ್ತದೆ. ಒಳಗೆ ಹೋಗಿ ಹೊರಗೆ ಬರಲು ನಡುವೆ ಸಿಗುವ ಹೊತ್ತು ಸ್ವಲ್ಪವೇ. ಆ ಹೊತ್ತೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ನಿನ್ನೆ ಹೋದ ಗುಂಪು ಎಂಟಕ್ಕೆ ಒಳಗೆ ಹೋಯಿತು, ನಾವೂ ಎಂಟಕ್ಕೇ ಹೋಗೋಣ ಎನ್ನುವ ಹಾಗಿಲ್ಲ. ಹುಟ್ಟು ಹಿಡಿಯುವ ಮೊದಲ ದಿನಗಳು ಸಣ್ಣ ಉಬ್ಬರದ ವಾರಕ್ಕೆ ಬೀಳುವಂತೆ ನಾವು ತಾರೀಖು ಹೊಂದಿಸಿಕೊಂಡೆವು.

ತಂಗುವುದು ಕೊಲ್ಲಿಯ ನಡುವಿನ ಕೋ ಯಾವ್ ನೊಯ್ ದ್ವೀಪದಲ್ಲಿ. ಫುಕೆಟ್‌ನ ಬಾಂಗ್ ರೋಂಗ್ ಧಕ್ಕೆಯಿಂದ ವೇಗದ ದೋಣಿಯಲ್ಲಿ ಅರ್ಧ ಗಂಟೆ. ಹೆಚ್ಚಾಗಿ ಮುಸ್ಲಿಂ ಮೀನುಗಾರರ, ರಬ್ಬರ್ ಬೆಳೆಗಾರರ ಊರು. ಗದ್ದಲವಿಲ್ಲ, ಊರೊಳಗೆ ಓಡಾಡುವಾಗ ಮೈತುಂಬ ಬಟ್ಟೆ ಇರಬೇಕು ಎಂಬುದು ಅಲ್ಲಿಯ ಮರ್ಯಾದೆ.

'ಆಗುವುದಿಲ್ಲ' ಎಂದವರನ್ನು ಆರಿಸಿದೆವು

ಕಯಾಕ್ ಮತ್ತು ಗೈಡ್ ಒದಗಿಸುವ ಮೂರು ಸಂಸ್ಥೆಗಳಿಗೆ ಒಂದೇ ಪತ್ರ ಬರೆದೆವು. ಒಬ್ಬ ಗೈಡ್‌ಗೆ ಎಷ್ಟು ಜನ? ಜೊತೆಗೆ ಮೋಟಾರು ದೋಣಿ ಇರುತ್ತದೆಯೇ? ಕಯಾಕ್ ಮಗುಚಿದರೆ ಮತ್ತೆ ಹತ್ತುವುದನ್ನು ಮೊದಲ ದಿನ ಕಲಿಸುತ್ತೀರಾ? ಹವೆ ಕೆಟ್ಟರೆ ಹಣ ವಾಪಸ್ಸೇ? ನಮ್ಮಲ್ಲಿ ಒಬ್ಬರಿಗೆ ಈಜು ಬಾರದು, ಏನು ಮಾಡುತ್ತೀರಿ?

ಇಬ್ಬರು ಎಲ್ಲದಕ್ಕೂ 'ನೋ ಪ್ರಾಬ್ಲಂ' ಎಂದರು. ಮೂರನೆಯವರು ಉದ್ದದ ಉತ್ತರ ಬರೆದರು: ಈಜು ಬಾರದವರನ್ನು ದ್ವೀಪದಿಂದ ದ್ವೀಪಕ್ಕೆ ತೆರೆದ ನೀರಿನಲ್ಲಿ ಹುಟ್ಟು ಹಾಕಿಸುವುದಿಲ್ಲ, ಅಷ್ಟು ದೂರ ಲಾಂಗ್‌ಟೇಲ್ ದೋಣಿಯಲ್ಲೇ ಕರೆದೊಯ್ಯುತ್ತೇವೆ, ಗುಡ್ಡದ ಮರೆಯಲ್ಲಿ ಮಾತ್ರ ಗೈಡ್ ಜೊತೆ ಜೋಡಿ ಕಯಾಕಿನಲ್ಲಿ ಕೂರಿಸುತ್ತೇವೆ, ಲೈಫ್ ಜಾಕೆಟ್ ಬಿಚ್ಚಿದರೆ ಅಂದಿನ ಪ್ರಯಾಣ ಅಲ್ಲಿಗೇ ಮುಗಿಯಿತು. ಸ್ವಲ್ಪ ದುಬಾರಿ. ಆದರೂ ಪತ್ರ ಓದಿದ ನನ್ನಾಕೆ ಹೇಳಿದ್ದು ಒಂದೇ ಮಾತು: "ಇವರ ಜೊತೆ ಆದ್ರೆ ನಾನು ಬರ್ತೀನಿ ರೀ."

ಸಾಲಿಗ್ರಾಮದ ಪಾಠ

ದೀಪಾವಳಿಗೆ ಊರಿಗೆ ಹೋದಾಗ ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಎರಡು ದಿನ ಅಭ್ಯಾಸ ಮಾಡಿದೆವು. ಮೇಲೆ ಕೂರುವ ಬಗೆಯ ಕಯಾಕ್ ಅದು. ಒಳಗೆ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಬೆಚ್ಚಗಿನ ನೀರಿಗೆ ಅದೇ ಸರಿ. ಅಲ್ಲಿಯ ಹುಡುಗರಿಗೆ ಹೇಳಿ ಬೇಕೆಂದೇ ಮಗುಚಿಸಿಕೊಂಡೆವು.

ಮೊದಲ ಸಲ ನನ್ನಾಕೆ ಲೈಫ್ ಜಾಕೆಟ್‌ನಲ್ಲಿ ತೇಲುತ್ತಿದ್ದರೂ ನನ್ನ ಕೈ ಬಿಡಲಿಲ್ಲ. ಇಬ್ಬರು ಸೇರಿ ಮೇಲಕ್ಕೆ ಎತ್ತಬೇಕಾಯಿತು. ಕಯಾಕಿನ ಬದಿಗೆ ನೇತಾಡಿದರೆ ಅದು ಮತ್ತೆ ಮಗುಚುತ್ತದೆ. ಕಾಲನ್ನು ಹಿಂದಕ್ಕೆ ಚಾಚಿ ನೀರನ್ನು ಒದೆಯುತ್ತಾ, ಹೊಟ್ಟೆಯ ಮೇಲೆ ಅಡ್ಡ ಜಾರಿ, ಆಮೇಲೆ ತಿರುಗಿ ಕೂರಬೇಕು. ಎರಡನೆಯ ದಿನ ಮಧ್ಯಾಹ್ನ ಐದನೆಯ ಪ್ರಯತ್ನಕ್ಕೆ ಅವಳು ಯಾರ ಸಹಾಯವೂ ಇಲ್ಲದೆ ಹತ್ತಿ ಕೂತಳು. ಆಮೇಲೆ ಇನ್ನೂ ಎರಡು ಸಲ ತಾನಾಗಿಯೇ ನೀರಿಗೆ ಬಿದ್ದು ಹತ್ತಿದಳು. ಪ್ರವಾಸದ ಮುಂಗಡ ಹಣ ಕಟ್ಟಿದ್ದು ಆ ಸಂಜೆ.

ಚೀಲದಲ್ಲಿ ಏನಿರಬೇಕು?

ಬೆಚ್ಚಗಿನ ಕಡಲಿನಲ್ಲಿ ಚಳಿಯ ಅಪಾಯವಿಲ್ಲ, ಬಿಸಿಲಿನದು ಇದೆ. ಗಾಳಿ ಬೀಸುವುದರಿಂದ ಬೆವರು ಗೊತ್ತಾಗುವುದಿಲ್ಲ. ತಲೆಗೆ ಒಬ್ಬರಿಗೆ ದಿನಕ್ಕೆ ಮೂರು ಲೀಟರಿಗೆ ಕಡಿಮೆಯಿಲ್ಲದ ನೀರು, ಓಆರ್‌ಎಸ್ ಪೊಟ್ಟಣ, ತುಂಬುತೋಳಿನ ಈಜು ಅಂಗಿ, ಗದ್ದಕ್ಕೆ ಕಟ್ಟುವ ದಾರವಿರುವ ಅಗಲ ಟೋಪಿ ಇರಲಿ. ತುಂಬುತೋಳು ಲೋಳೆಮೀನಿನ ಕುಟುಕಿನಿಂದಲೂ ಕಾಪಾಡುತ್ತದೆ. ಥಾಯ್ ಕಡಲಿನಲ್ಲಿ ಪೆಟ್ಟಿಗೆ ಆಕಾರದ ವಿಷದ ಜಾತಿಯೂ ಇದೆ. ಅದು ಕುಟುಕಿದ ಜಾಗಕ್ಕೆ ಮೊದಲು ವಿನೆಗರ್ ಸುರಿಯಬೇಕು, ಉಜ್ಜಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸುರಂಗಕ್ಕೆ ಹಣೆಗೆ ಕಟ್ಟುವ ಟಾರ್ಚ್, ಲೈಫ್ ಜಾಕೆಟ್‌ಗೆ ಕಟ್ಟಿದ ಸೀಟಿ, ನೀರು ನುಗ್ಗದ ಚೀಲದಲ್ಲಿ ಫೋನು.

ಸಸ್ಯಾಹಾರಿಗಳು 'ಜೇ' ಎಂಬ ಮಾತು ಕಲಿತರೆ ಸಾಕು. ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲದ ಅಡುಗೆ ಅದು. ನಮ್ಮ ಮಠದ ಊಟದ ಹಾಗೆ! ಬರಿದೇ 'ವೆಜ್' ಎಂದರೆ ಮೀನಿನ ಸಾರದ ಸಾಸ್ ಬಿದ್ದೇ ಬೀಳುತ್ತದೆ. ನಾವು ಖರ್ಜೂರ, ಹುರಿದ ಅವಲಕ್ಕಿಯನ್ನೂ ಒಯ್ಯುತ್ತಿದ್ದೇವೆ.

ಕಾಗದಪತ್ರ

ಪ್ರಯಾಣ ವಿಮೆಯ ಸಣ್ಣಕ್ಷರಗಳನ್ನು ಓದಿ. ಹಲವು ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಡುತ್ತವೆ. ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಳ್ಳಬೇಕು. ಕಯಾಕಿಂಗ್ ಸೇರಿದೆಯೇ ಎಂದು ಇಮೇಲ್‌ನಲ್ಲಿ ಕೇಳಿ ಉತ್ತರವನ್ನು ಜೋಪಾನವಾಗಿಡಿ. ಮಧುಮೇಹ, ರಕ್ತದೊತ್ತಡ ಇದ್ದರೆ ಮುಚ್ಚಿಡಬೇಡಿ. 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವವರು ಡಿಜಿಟಲ್ ಆಗಮನ ಕಾರ್ಡನ್ನು ಮೊದಲೇ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ, ಹಣ ಕೇಳುವ ಜಾಲತಾಣ ಸರಕಾರದ್ದಲ್ಲ. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ದಿನವೇ ರಾಯಭಾರ ಕಚೇರಿಯ ತಾಣ ನೋಡಿ. ಅಲ್ಲಿಯ ಆಂಬುಲೆನ್ಸ್ ಸಂಖ್ಯೆ 1669, ಪ್ರವಾಸಿ ಪೊಲೀಸ್ 1155. ನಾಲ್ವರ ಫೋನಿನಲ್ಲೂ ಎರಡನ್ನೂ ಹಾಕಿಕೊಂಡಿದ್ದೇವೆ.

ಕೊನೆಯದಾಗಿ ನಾವು ನಾಲ್ವರೂ ಒಪ್ಪಿಕೊಂಡ ಒಂದು ನಿಯಮ. ನೀರಿನ ಮೇಲೆ ಯಾರೇ ಒಬ್ಬರು "ಸಾಕು, ತಿರುಗೋಣ" ಎಂದರೆ ಎಲ್ಲರೂ ತಿರುಗಬೇಕು. ಕಾರಣ ಕೇಳುವಂತಿಲ್ಲ, ಸಂಜೆ ಊಟದ ಹೊತ್ತಿಗೆ ಹಂಗಿಸುವಂತೆಯೂ ಇಲ್ಲ. ಇಷ್ಟು ಖರ್ಚು ಮಾಡಿ ಬಂದಿದ್ದೇವೆ, ಹಾಂಗ್ ನೋಡದೇ ಹೋಗುವುದೇ ಎಂಬ ಮಾತು ಆ ಹೊತ್ತಿನಲ್ಲಿ ಯಾರ ಬಾಯಿಂದಲಾದರೂ ಬಂದೀತು. ಅದಕ್ಕೇ ಈಗಲೇ, ಮನೆಯಲ್ಲಿ ಕೂತಿರುವಾಗಲೇ ಮಾತು ಕೊಟ್ಟುಕೊಂಡಿದ್ದೇವೆ. ನೀವೂ ಹೊರಡುವುದಾದರೆ ಟಿಕೆಟ್‌ಗಿಂತ ಮೊದಲು ಈ ಮಾತು ಆಗಲಿ.