ಹಾರುವ ತಟ್ಟೆಗಳೆಂದು ಭ್ರಮಿಸಲಾಗುವ ರಾತ್ರಿಯ ಬೆಳಕುಗಳು

ಆಕಾಶದಲ್ಲಿ ಕಂಡು, ನೋಡಿದವರಿಗೆ ಗುರುತು ಸಿಗದ ವಸ್ತುವನ್ನು ರೂಢಿಯಲ್ಲಿ ಹಾರುವ ತಟ್ಟೆ ಎನ್ನುತ್ತಾರೆ. ಇಂತಹ ವರದಿಗಳಲ್ಲಿ ಬಹುಪಾಲು ಗ್ರಹ, ವಿಮಾನ, ಕೃತಕ ಉಪಗ್ರಹ, ಉಲ್ಕೆ ಮೊದಲಾದ ಪರಿಚಿತ ಬೆಳಕುಗಳಿಗೆ ಸಂಬಂಧಿಸಿದವುಗಳೆಂದು ತನಿಖೆಗಳಿಂದ ತಿಳಿದುಬಂದಿದೆ.

ಹಿನ್ನೆಲೆ

1947ರ ಜೂನ್ 24ರಂದು ಅಮೆರಿಕದ ವಿಮಾನ ಚಾಲಕ ಕೆನೆತ್ ಅರ್ನಾಲ್ಡ್, ರೇನಿಯರ್ ಪರ್ವತದ ಬಳಿ ಹೊಳೆಯುವ ಒಂಬತ್ತು ವಸ್ತುಗಳನ್ನು ಕಂಡುದಾಗಿ ತಿಳಿಸಿದರು. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುತ್ತ ಸಾಗುವಂತೆ ಅವು ಚಲಿಸಿದವೆಂಬ ಅವರ ವರ್ಣನೆಯಿಂದ ಪತ್ರಿಕೆಗಳು ‘ಹಾರುವ ತಟ್ಟೆ’ ಎಂಬ ಹೆಸರನ್ನು ಬಳಕೆಗೆ ತಂದವು. ಅಮೆರಿಕದ ವಾಯುಪಡೆಯು 1969ರವರೆಗೆ ಪರಿಶೀಲಿಸಿದ 12,618 ವರದಿಗಳಲ್ಲಿ 701 ಮಾತ್ರ ಗುರುತಿಸಲಾಗದೆ ಉಳಿದವು.

ಭ್ರಮೆಗೆ ಕಾರಣವಾಗುವ ಬೆಳಕುಗಳು

ಹಳ್ಳಿಗಳಲ್ಲಿ ಬೆಳ್ಳಿಚುಕ್ಕಿ ಎಂದು ಕರೆಯುವ ಶುಕ್ರವು ಚಂದ್ರನನ್ನು ಬಿಟ್ಟರೆ ರಾತ್ರಿಯ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾದ ಸಹಜ ಕಾಯ. ಅದು ಸಂಜೆ ಪಶ್ಚಿಮದಲ್ಲಿ ಕಾಣುವ ತಿಂಗಳುಗಳಲ್ಲಿ, ದಾವಣಗೆರೆಯಿಂದ ಹರಿಹರದ ಕಡೆಗೆ ಹೊರಟವರಿಗೆ ವಾಹನದೊಡನೆಯೇ ಸಾಗುತ್ತಿರುವಂತೆ ತೋರಬಹುದು. ಹತ್ತಿರದ ಮರಗಳು ಹಿಂದೆ ಸರಿದರೂ ಕೋಟ್ಯಂತರ ಕಿಲೋಮೀಟರ್ ದೂರದ ಗ್ರಹದ ದಿಕ್ಕು ಬದಲಾಗದಿರುವುದೇ ಇದಕ್ಕೆ ಕಾರಣ. ದಿಗಂತದ ಬಳಿ ದಟ್ಟವಾದ ವಾಯುಪದರವನ್ನು ಹಾದು ಬರುವುದರಿಂದ ಅದರ ಬೆಳಕು ನಡುಗಿ, ಬಣ್ಣ ಬದಲಿಸಿದಂತೆಯೂ ಕಾಣುತ್ತದೆ. ಕತ್ತಲೆಯಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದರೆ, ಸ್ಥಿರವಾಗಿದ್ದರೂ ಅದು ಅತ್ತಿತ್ತ ಚಲಿಸುವಂತೆ ಭಾಸವಾಗುತ್ತದೆ.

ನೋಡುವವರತ್ತ ನೇರವಾಗಿ ಬರುತ್ತಿರುವ ವಿಮಾನದ ದೀಪವು ಕೆಲಕಾಲ ನಿಂತಂತೆಯೇ ಕಾಣುತ್ತದೆ. ಸುಮಾರು 400 ಕಿ.ಮೀ. ಎತ್ತರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಮಿನುಗದೆ, ಸದ್ದಿಲ್ಲದೆ ಕೆಲವೇ ನಿಮಿಷಗಳಲ್ಲಿ ಆಕಾಶವನ್ನು ದಾಟುತ್ತದೆ. 2021ರ ಡಿಸೆಂಬರ್‌ನಲ್ಲಿ ಕರಾವಳಿ ಕರ್ನಾಟಕದವರನ್ನು ಬೆರಗುಗೊಳಿಸಿದ ಬೆಳಕಿನ ಸಾಲು ಸ್ಟಾರ್‌ಲಿಂಕ್ ಉಪಗ್ರಹಗಳದಾಗಿತ್ತು.

ಲಡಾಖ್ ಪ್ರಕರಣ

ಇಂತಹ ತಪ್ಪು ಗ್ರಹಿಕೆ ಎಲ್ಲ ಸಂದರ್ಭಗಳಲ್ಲೂ ನಿರುಪದ್ರವಿಯಲ್ಲ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಲಡಾಖ್‌ನ ಚೀನಾ ಗಡಿಯಲ್ಲಿದ್ದ ಭಾರತೀಯ ಸೈನಿಕರು ಆಕಾಶದ ಬೆಳಕುಗಳನ್ನು 329 ಬಾರಿ ದಾಖಲಿಸಿದ್ದರು. ಅವು ಚೀನಾದ ಬೇಹುಗಾರಿಕಾ ಡ್ರೋನ್‌ಗಳಿರಬಹುದೆಂಬ ಶಂಕೆಯಿತ್ತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಖಗೋಳಶಾಸ್ತ್ರಜ್ಞರು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹಗಳೆಂದು ಗುರುತಿಸಿದರು. ಗಡಿಯ ಉದ್ವಿಗ್ನತೆಗೆ ಕಾರಣವಾಗಬಹುದಾಗಿದ್ದ ಶಂಕೆಯು ಹೀಗೆ ಪರಿಹಾರವಾಯಿತು.

ಗುರುತಿಸುವ ವಿಧಾನ

ಬೆಳಕನ್ನು ಕಂಡ ದಿನಾಂಕ, ಸಮಯ, ದಿಕ್ಕು, ದಿಗಂತದಿಂದ ಅದರ ಎತ್ತರ ಮತ್ತು ಕಂಡ ಅವಧಿಯನ್ನು ಬರೆದಿಟ್ಟುಕೊಳ್ಳಬೇಕು. ಕಂಬ ಅಥವಾ ಮನೆಯ ಮೂಲೆಯನ್ನು ಗುರುತಾಗಿಟ್ಟುಕೊಂಡು ನೋಡಿದರೆ ನಿಜವಾದ ಚಲನೆ ತಿಳಿಯುತ್ತದೆ. ಗ್ರಹವು ನಕ್ಷತ್ರಗಳಂತೆಯೇ ನಿಧಾನವಾಗಿ ಪಶ್ಚಿಮಕ್ಕೆ ಇಳಿದು, ಮರುದಿನವೂ ಹೆಚ್ಚುಕಡಿಮೆ ಅದೇ ವೇಳೆಗೆ ಅದೇ ಸ್ಥಳದಲ್ಲಿ ಕಾಣುತ್ತದೆ. ವಿಮಾನದ ಎಡ ರೆಕ್ಕೆಯಲ್ಲಿ ಕೆಂಪು, ಬಲ ರೆಕ್ಕೆಯಲ್ಲಿ ಹಸಿರು ದೀಪವಿರುತ್ತದೆ. ಉಲ್ಕೆಯು ಸಾಮಾನ್ಯವಾಗಿ ಕ್ಷಣಮಾತ್ರದಲ್ಲಿ ಮರೆಯಾಗುತ್ತದೆ. ಈ ವಿವರಗಳಿಲ್ಲದ ವರದಿಯನ್ನು ಪರಿಶೀಲಿಸುವುದು ಕಷ್ಟ. ಆದರೆ ಗುರುತು ಸಿಗಲಿಲ್ಲವೆಂಬುದೊಂದೇ ಅನ್ಯಲೋಕದ ವಾಹನಕ್ಕೆ ಪುರಾವೆಯಾಗುವುದಿಲ್ಲ.