ಆಟದ ಬಸ್ಸಿಗೂ ತ್ರೈರಾಶಿಕ ಬೇಕು

ಮಕ್ಕಳೇ, ಮೊಬೈಲ್ ಆಟದಲ್ಲಿ ಬಸ್ಸು ಓಡುವುದನ್ನು ನೋಡಿದ್ದೀರಲ್ಲ? ನಿಜವಾಗಿ ಅಲ್ಲಿ ಏನೂ ಓಡುವುದಿಲ್ಲ. ಪರದೆಯ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 60 ಬಿಡಿ ಚಿತ್ರಗಳು ಬಂದು ಹೋಗುತ್ತವೆ. ಒಂದೊಂದರಲ್ಲೂ ಬಸ್ಸು ಸ್ವಲ್ಪ ಮುಂದಿರುತ್ತದೆ. ನಮ್ಮ ಕಣ್ಣಿಗೆ ಅದು ಓಡಿದಂತೆ ಕಾಣುತ್ತದೆ.

ಯಾವ ಚಿತ್ರದಲ್ಲಿ ಬಸ್ಸು ಎಲ್ಲಿರಬೇಕು? ಆಟ ಬರೆಯುವವರು ಹೊರಡುವ ಜಾಗ, ಸೇರುವ ಜಾಗ, ಬೇಕಾದ ಸಮಯ ಇಷ್ಟನ್ನೇ ಹೇಳುತ್ತಾರೆ. ನಡುವಿನದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಇದಕ್ಕೆ ಅವರು ಇಟ್ಟ ಹೆಸರು ‘ಲರ್ಪ್’. 2 ಸೆಕೆಂಡಿಗೆ 100 ಹೆಜ್ಜೆಯಾದರೆ ಅರ್ಧ ಸೆಕೆಂಡಿಗೆ ಎಷ್ಟು? 25. ಅಜ್ಜ ಅಜ್ಜಿಯರಿಗೆ ಇದು ಹೊಸದಲ್ಲ. ನಾವು ಸ್ಲೇಟಿನ ಮೇಲೆ ಮಾಡಿದ ತ್ರೈರಾಶಿಕವೇ! ರಾಷ್ಟ್ರಕೂಟ ದೊರೆ ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೆಯ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ವಿವರಿಸಿದ್ದಾರೆ.

ಆದರೆ ಹೀಗೆ ಒಂದೇ ವೇಗದಲ್ಲಿ ಬಂದ ಬಸ್ಸು ಕೊನೆಗೆ ಗೋಡೆಗೆ ಬಡಿದಂತೆ ನಿಲ್ಲುತ್ತದೆ. ಚಾಮರಾಜನಗರದಿಂದ ಬರುವ ಬಸ್ಸು ನಮ್ಮ ಹರವೆಯಲ್ಲಿ ಹಾಗೆ ನಿಲ್ಲುತ್ತದೆಯೇ? ಹತ್ತಿರ ಬಂದಂತೆ ನಿಧಾನವಾಗುತ್ತದೆ. ಆಟದಲ್ಲಿ ಅದಕ್ಕೊಂದು ಸುಲಭ ಉಪಾಯವಿದೆ. ಪ್ರತಿ ಚಿತ್ರಕ್ಕೂ ಉಳಿದ ದೂರದ ಹತ್ತನೇ ಒಂದು ಭಾಗ ಮಾತ್ರ ಮುಂದೆ ಹೋಗುವುದು. 100 ಹೆಜ್ಜೆ ಉಳಿದಿದ್ದರೆ ಮೊದಲು 10, ಆಮೇಲೆ 9, ಆಮೇಲೆ 8.1.

ಈ ಉಪಾಯದಲ್ಲಿ ಒಂದು ಅನ್ಯಾಯ ಅಡಗಿದೆ. ಹೊಸ ಮೊಬೈಲ್ ಸೆಕೆಂಡಿಗೆ 60 ಚಿತ್ರ ತೋರಿಸಿದರೆ, ಹಳೆಯದು 30 ಮಾತ್ರ ತೋರಿಸಬಹುದು. ಆಗ ಅರ್ಧ ಸೆಕೆಂಡಿನಲ್ಲಿ ಹೊಸದರ ಬಸ್ಸು ಸುಮಾರು 96 ಹೆಜ್ಜೆ ಹೋಗಿರುತ್ತದೆ, ಹಳೆಯದರದ್ದು 79. ಇಬ್ಬರು ಮಕ್ಕಳು ಪಂದ್ಯ ಕಟ್ಟಿದರೆ ಗೆಲ್ಲುವುದು ಜಾಣತನವಲ್ಲ, ಮೊಬೈಲಿನ ಬೆಲೆ!

ಪರಿಹಾರವೇನು? ಚಿತ್ರಗಳನ್ನು ಎಣಿಸಬಾರದು, ಕಾಲವನ್ನು ಎಣಿಸಬೇಕು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಠೇವಣಿಗೆ ಬಡ್ಡಿ ಹಾಕುತ್ತಿದ್ದದ್ದು ಹಣ ಎಷ್ಟು ದಿನ ಇತ್ತು ಎಂದು ನೋಡಿ. ಠೇವಣಿದಾರರು ಎಷ್ಟು ಸಲ ಕೌಂಟರಿಗೆ ಬಂದರು ಎಂದಲ್ಲ. ಆಟದಲ್ಲೂ ಹಾಗೆಯೇ. ಹಿಂದಿನ ಚಿತ್ರ ಬಂದು ಎಷ್ಟು ಹೊತ್ತಾಯಿತು ಎಂದು ಪ್ರತಿ ಸಲ ನೋಡಬೇಕು. ಎರಡು ಪಟ್ಟು ಹೊತ್ತಾಗಿದ್ದರೆ 10ಕ್ಕೆ 9 ಸೇರಿಸಿ ಒಮ್ಮೆಗೇ 19 ಹೆಜ್ಜೆ ಇಡಬೇಕು. ಆಗ ಎರಡು ಮೊಬೈಲಿನ ಬಸ್ಸೂ ಒಟ್ಟಿಗೇ ಊರು ಸೇರುತ್ತವೆ. ಇದು ಚಕ್ರಬಡ್ಡಿಯ ಲೆಕ್ಕದ ತಮ್ಮನೇ. ಅಲ್ಲಿ ಮೊತ್ತ ಏರುತ್ತದೆ, ಇಲ್ಲಿ ದೂರ ಇಳಿಯುತ್ತದೆ.

ಮೊಮ್ಮಕ್ಕಳು ಆಟ ಬರೆಯಲು ಕೂತಾಗ ಹಿರಿಯರು ‘ನಮಗೇನು ಗೊತ್ತು’ ಎಂದು ದೂರ ಕೂರಬೇಕಿಲ್ಲ. ಈ ವಾರ ಇಬ್ಬರೂ ಸೇರಿ ಒಂದು ಲೆಕ್ಕ ಮಾಡಿ: ಮೂರು ಪಟ್ಟು ಹೊತ್ತಾಗಿದ್ದರೆ ಬಸ್ಸು ಎಷ್ಟು ಹೆಜ್ಜೆ ಇಡಬೇಕು? 30 ಎಂದರೆ ತಪ್ಪು.

(ಉತ್ತರ: 27.1)