ಟೆಕ್ನೊ ಸಂಕಲನದಲ್ಲಿ ಹೆಸರುಗಳ ಪಟ್ಟಿ ಏಕಿರುತ್ತದೆ?

ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯೊಂದರ ಸ್ನೇಹಸಮ್ಮೇಳನದಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ತಾನು ಮೊಬೈಲಿನಲ್ಲಿ ಜೋಡಿಸಿದ 40 ನಿಮಿಷಗಳ ಸಂಗೀತವನ್ನು ಕೇಳಿಸಿದನು. ಹಾಡುಗಾರರಿಲ್ಲ, ಸಾಹಿತ್ಯವಿಲ್ಲ, ಒಂದೇ ಸಮನೆ ಬೀಳುವ ಪೆಟ್ಟು, ಅದರ ಮೇಲೆ ನಿಧಾನವಾಗಿ ಬಣ್ಣ ಬದಲಿಸುವ ನಾದ. ಊರಿನ ಭಜನಾ ಮೇಳದಲ್ಲಿ ಹಾಡುವ ಅವನ ತಾಯಿ ನನ್ನತ್ತ ತಿರುಗಿ, “ಇದರಾಗ ಹಾಡು ಎಲ್ಲೈತ್ರಿ ಸರ? ಬರೇ ಬಡಿಯೂದೇ ಐತಲ್ಲ” ಎಂದರು. ಪರದೆಯ ಮೇಲೆ ಹುಡುಗನ ಹೆಸರೊಂದೇ ಇದ್ದಿತು. ಈ ತುಣುಕುಗಳನ್ನು ರಚಿಸಿದವರು ಯಾರೆಂದು ಕೇಳಿದೆ. ಅವನಿಗೆ ಒಬ್ಬರೂ ತಿಳಿದಿರಲಿಲ್ಲ. ತಾಯಿಯ ಪ್ರಶ್ನೆ, ನನ್ನ ಪ್ರಶ್ನೆ ಎರಡಕ್ಕೂ ಉತ್ತರ ಹುಡುಕುವ ಪ್ರಯತ್ನವಿದು.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ನಮ್ಮ ಊರುಗಳಲ್ಲಿ ‘ಡಿಜೆ’ ಎಂದರೆ ಗಣಪತಿ ಮೆರವಣಿಗೆಯ ಮುಂದೆ ಸಾಗುವ ಧ್ವನಿವರ್ಧಕಗಳ ಗಾಡಿ. ಮೂಲದಲ್ಲಿ ಆ ಪದವು ಯಂತ್ರವನ್ನಲ್ಲ, ವ್ಯಕ್ತಿಯನ್ನು ಸೂಚಿಸುತ್ತದೆ. ಇತರರ ಧ್ವನಿಮುದ್ರಿಕೆಗಳನ್ನು ಆರಿಸಿ, ಒಂದು ಮುಗಿಯುವ ಮುನ್ನವೇ ಇನ್ನೊಂದನ್ನು ಬೆಸೆದು, ನಡುವೆ ತಾಳ ತಪ್ಪದಂತೆ ನಡೆಸುವವನು ಡಿಜೆ. ಎರಡು ತಿರುಗುತಟ್ಟೆಗಳು ಅವನ ಮುಂದಿರುತ್ತವೆ. ಒಂದರ ವೇಗವನ್ನು ಸ್ವಲ್ಪ ಹೆಚ್ಚಿಸಿ ಅಥವಾ ತಗ್ಗಿಸಿ ಮತ್ತೊಂದಕ್ಕೆ ಹೊಂದಿಸುತ್ತಾನೆ.

ಟೆಕ್ನೊ ಕೃತಿಯೊಂದು ಆರೇಳು ನಿಮಿಷಗಳಷ್ಟು ದೀರ್ಘವಾಗಿರುವುದಕ್ಕೂ, ಅದರ ಮೊದಲ ಹಾಗೂ ಕೊನೆಯ ಒಂದು ನಿಮಿಷ ಬರಿಯ ಪೆಟ್ಟಾಗಿರುವುದಕ್ಕೂ ಇದೇ ಕಾರಣ. ಅದು ಬೆಸುಗೆಗಾಗಿ ಬಿಟ್ಟ ಸ್ಥಳ. ಮೊಬೈಲಿನಲ್ಲಿ ಒಂದೇ ಕೃತಿಯನ್ನು ಕೇಳಿದವರಿಗೆ ಇದು ಖಾಲಿಯೆನಿಸುವುದು ಸಹಜ. ಬಾಗಿಲ ಚೌಕಟ್ಟನ್ನಷ್ಟೇ ನೋಡಿ ಮನೆಯೆಲ್ಲಿ ಎಂದು ಕೇಳಿದಂತೆ. ನಾಲ್ಕು ಮಾತ್ರೆಗಳ ಆವರ್ತದಲ್ಲಿ ಪ್ರತಿ ಮಾತ್ರೆಗೂ ಒಂದು ದಪ್ಪ ಪೆಟ್ಟು ಬೀಳುತ್ತದೆ. ನಿಮಿಷಕ್ಕೆ ಸಾಮಾನ್ಯವಾಗಿ 125ರಿಂದ 135 ಪೆಟ್ಟುಗಳು. ಕೇಳಬೇಕಾದುದು ಪೆಟ್ಟನ್ನಲ್ಲ, ಅದರ ಮೇಲೆ ಯಾವ ಧ್ವನಿ ಸೇರಿತು, ಯಾವುದು ಜಾರಿಹೋಯಿತು ಎಂಬುದನ್ನು.

ಈ ಸಂಗೀತ ಹುಟ್ಟಿದ್ದು ಅಮೆರಿಕದ ಮೋಟಾರು ನಗರ ಡೆಟ್ರಾಯ್ಟ್‌ನ ಸುತ್ತಮುತ್ತ, 1980ರ ದಶಕದಲ್ಲಿ. ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕಪ್ಪುವರ್ಣೀಯ ತರುಣರು ಸಮೀಪದ ಬೆಲ್ವಿಲ್ ಎಂಬ ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಕಲಿತವರು. ದೊಡ್ಡ ಕಂಪನಿಗಳ ಬಾಗಿಲು ಕಾಯದೆ ಮೂವರೂ ತಮ್ಮ ತಮ್ಮ ಲೇಬಲ್‌ಗಳನ್ನು, ಅಂದರೆ ಧ್ವನಿಮುದ್ರಿಕೆ ಪ್ರಕಟಿಸುವ ಪುಟ್ಟ ಸಂಸ್ಥೆಗಳನ್ನು, ಸ್ಥಾಪಿಸಿಕೊಂಡರು: ಅಟ್ಕಿನ್ಸ್ ಅವರ ಮೆಟ್ರೊಪ್ಲೆಕ್ಸ್, ಮೇ ಅವರ ಟ್ರಾನ್ಸ್‌ಮ್ಯಾಟ್, ಸಾಂಡರ್ಸನ್ ಅವರ ಕೆಎಂಎಸ್. ರೋಲ್ಯಾಂಡ್ ಎಂಬ ಜಪಾನಿ ಕಂಪನಿಯ ತಾಳಯಂತ್ರಗಳು ಈ ಸಂಗೀತದ ಮುಖ್ಯ ವಾದ್ಯಗಳಾದವು. ನಮ್ಮ ಗಾಯಕರು ರಿಯಾಜಿಗೆ ಇಟ್ಟುಕೊಳ್ಳುವ ವಿದ್ಯುನ್ಮಾನ ತಬಲಾ ಪೆಟ್ಟಿಗೆಯ ದೂರದ ನೆಂಟನೆಂದು ಅವನ್ನು ಭಾವಿಸಬಹುದು.

ಆದರೆ ಈ ಸಂಗೀತಕ್ಕೆ ಹೆಸರನ್ನು ಊರೂರಿಗೆ ಕೊಂಡೊಯ್ದದ್ದು ಒಂದು ಸಂಕಲನ. 1988ರಲ್ಲಿ ಇಂಗ್ಲೆಂಡಿನ ನೀಲ್ ರಶ್ಟನ್, ಡೆರಿಕ್ ಮೇ ಅವರ ನೆರವಿನಿಂದ ಡೆಟ್ರಾಯ್ಟ್‌ನ ಕೃತಿಗಳನ್ನು ಒಟ್ಟುಗೂಡಿಸಿದರು. ಆಗ ಷಿಕಾಗೊ ನಗರದ ‘ಹೌಸ್’ ಸಂಗೀತ ಬ್ರಿಟನ್ನಿನಲ್ಲಿ ಪ್ರಚಾರದಲ್ಲಿದ್ದುದರಿಂದ, ಡೆಟ್ರಾಯ್ಟ್‌ನದೂ ಹೌಸ್ ಎಂಬರ್ಥದ ಶೀರ್ಷಿಕೆಯನ್ನೇ ಮೊದಲು ಯೋಚಿಸಲಾಗಿತ್ತು. ಅಟ್ಕಿನ್ಸ್ ಕೊಟ್ಟ ಕೃತಿಯ ಹೆಸರು ‘ಟೆಕ್ನೊ ಮ್ಯೂಸಿಕ್’. ಆ ಪದದ ಹಿಂದೆ ಆಲ್ವಿನ್ ಟಾಫ್ಲರ್ ಅವರ ಪುಸ್ತಕಗಳ ಓದಿತ್ತು. ಕೊನೆಗೆ ಮುಖಪುಟದ ಮೇಲೆ ಬಂದದ್ದು ಆ ಪದವೇ: ‘ಟೆಕ್ನೊ! ದಿ ನ್ಯೂ ಡಾನ್ಸ್ ಸೌಂಡ್ ಆಫ್ ಡೆಟ್ರಾಯ್ಟ್’. ನೆರೆಯ ನಗರದ ಸಂಗೀತದ ಉಪಶಾಖೆಯೆಂದು ಗಣನೆಗೆ ಬರಬಹುದಾಗಿದ್ದುದು ತನ್ನದೇ ಹೆಸರಿನಿಂದ ಹೊರಟಿತು. ತಟ್ಟೆಯ ಮೇಲೆ ಪ್ರತಿ ಕೃತಿಯ ಮುಂದೆ ಅದನ್ನು ಮಾಡಿದವರ ಹೆಸರೂ ಇದ್ದಿತು.

ಟೆಕ್ ಹೌಸ್ ಎಂಬುದು 1990ರ ದಶಕದ ಲಂಡನ್ನಿನಲ್ಲಿ ಬೆಳೆದ ಮಿಶ್ರತಳಿ. ಹೌಸಿನ ಕುಣಿಸುವ ಲಯ, ಟೆಕ್ನೊದ ಮಿತಭಾಷೆ. ಈಗ ಆ ಹೆಸರಿನಲ್ಲಿ ಬರುತ್ತಿರುವ ಬಹಳಷ್ಟು ಹೊಸ ಕೃತಿಗಳಲ್ಲಿ ಒಂದು ಮಂದ್ರ ನಾದದ ಸಾಲು, ನಾಲ್ಕು ಶಬ್ದಗಳ ಕೂಗು, ಇಷ್ಟೇ ಇರುತ್ತದೆ. ನನಗೆ ಅವು ಬೇಗನೆ ಬೇಸರ ತರಿಸುತ್ತವೆ. ನನ್ನ ವಿದ್ಯಾರ್ಥಿಗೆ ಅವೇ ಪ್ರಿಯ.

ಡಿಜೆ ಸಂಕಲನ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು: ಕೃತಿಗಳನ್ನು ಸಾಲಾಗಿಡುವುದಷ್ಟೇ ಅಲ್ಲ, ಬೆಸೆದು ಒಂದು ಗಂಟೆಗೂ ಮಿಕ್ಕಿದ ಅಖಂಡ ಪ್ರವಾಹವಾಗಿಸುವುದು. ಲಂಡನ್ನಿನಲ್ಲಿ 1999ರಲ್ಲಿ ತೆರೆದ ಫ್ಯಾಬ್ರಿಕ್ ಎಂಬ ನೃತ್ಯಶಾಲೆಯು 2001ರಿಂದ ಇಂತಹ ಸಿ.ಡಿ.ಗಳನ್ನು ಸಂಖ್ಯೆ ಕೊಟ್ಟು ಹೊರತಂದಿತು. ಮೊದಲನೆಯದು ಕ್ರೇಗ್ ರಿಚರ್ಡ್ಸ್ ಅವರದು. ಎರಡನೆಯದು ಟೆಕ್ ಹೌಸಿನಲ್ಲಿ ಹೆಸರಾದ ಟೆರಿ ಫ್ರಾನ್ಸಿಸ್ ಅವರದು. 2009ರ 45ನೆಯ ಸಂಚಿಕೆಯಲ್ಲಿ ಡೆಟ್ರಾಯ್ಟ್‌ನ ಒಮರ್-ಎಸ್ ಇತರರ ಕೃತಿಗಳನ್ನು ಮುಟ್ಟದೆ ತಮ್ಮವನ್ನೇ ಬೆಸೆದರು. ಇದಕ್ಕೆ ತದ್ವಿರುದ್ಧವಾಗಿ ಕೆನಡಾದಲ್ಲಿ ಬೆಳೆದ ರಿಚಿ ಹಾಟಿನ್ 2001ರ ತಮ್ಮ ಸಂಕಲನಕ್ಕಾಗಿ ನೂರಕ್ಕೂ ಹೆಚ್ಚು ಕೃತಿಗಳನ್ನು ಚೂರು ಮಾಡಿ ಮರುಜೋಡಿಸಿದರು.

ಇಂತಹ ಪ್ರಕಟಣೆಯ ಹಿಂದೆ ಕೇಳುಗರಿಗೆ ಕಾಣದ ಕೆಲಸವೊಂದಿದೆ. ಪ್ರತಿಯೊಂದು ಕೃತಿಗೂ ಅದರ ಲೇಬಲ್‌ನಿಂದ ಅನುಮತಿ ಪಡೆಯಬೇಕು, ಹಣ ಸಲ್ಲಿಸಬೇಕು. ಅನುಮತಿ ದೊರೆಯದಿದ್ದರೆ ಎಷ್ಟೇ ಚೆಂದದ ಬೆಸುಗೆಯಾದರೂ ಬಿಡಬೇಕು. ಆದ್ದರಿಂದಲೇ ಸಿ.ಡಿ.ಯ ಹಿಂಬದಿಯ ಪಟ್ಟಿಯನ್ನು ಅಲಂಕಾರವೆಂದು ತಿಳಿಯಬಾರದು, ಅದು ಋಣಪತ್ರ. ಫ್ಯಾಬ್ರಿಕ್ ಮಾಲಿಕೆಯು 2018ರಲ್ಲಿ ನೂರನೆಯ ಸಂಚಿಕೆಯೊಂದಿಗೆ ಮುಗಿಯಿತು. ಮರುವರ್ಷ ಹೊಸ ಹೆಸರಿನ ಮಾಲಿಕೆ ಆರಂಭವಾಯಿತು. ಅಷ್ಟರಲ್ಲಿ ಅಂತರ್ಜಾಲವು ಉಚಿತ ಮಿಶ್ರಣಗಳಿಂದ ತುಂಬಿತ್ತು. ಅವುಗಳಲ್ಲಿ ಬಹಳಷ್ಟಕ್ಕೆ ಪಟ್ಟಿಯಿಲ್ಲ. ಕೇಳುಗರು ಸಾವಿರಾರು ಇದ್ದರೂ ರಚನಕಾರನಿಗೆ ಹೆಸರೂ ಇಲ್ಲ, ಕಾಸೂ ಇಲ್ಲ. 2020ರ ಮಾರ್ಚ್‌ನಲ್ಲಿ, ಕೊರೋನಾದಿಂದ ನೃತ್ಯಶಾಲೆಗಳು ಮುಚ್ಚಿದಾಗ, ಬ್ಯಾಂಡ್‌ಕ್ಯಾಂಪ್ ಎಂಬ ಮಾರಾಟ ತಾಣವು ಒಂದು ಶುಕ್ರವಾರದ ಮಾರಾಟದಲ್ಲಿ ತನ್ನ ಪಾಲನ್ನು ಬಿಟ್ಟುಕೊಟ್ಟಿತು; ಅಂತಹ ಶುಕ್ರವಾರಗಳು ಮುಂದೆ ಹಲವು ಬಂದವು. ಸಣ್ಣ ಲೇಬಲ್‌ಗಳು ತಮ್ಮ ಹೊಸ ಕೃತಿಗಳನ್ನು ಆ ದಿನಗಳಿಗೆಂದೇ ಕಾದಿಟ್ಟು ಪ್ರಕಟಿಸತೊಡಗಿದವು.

ಹೆಸರು ಉಳಿದಿದ್ದರೆ ಏನಾಗಬಹುದೆಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಮುಂಬಯಿಯ ಚಲನಚಿತ್ರ ಸಂಗೀತದಲ್ಲಿ ವಾದಕರಾಗಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಬಳಸಿ ಭೈರವಿ, ಲಲಿತ, ಯಮನ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ಲಯದಲ್ಲಿ ನುಡಿಸಿದರು. ಆ ಯಂತ್ರಗಳಲ್ಲೊಂದಾದ ಟಿಬಿ-303ರಿಂದ ಷಿಕಾಗೊದವರು ‘ಆಸಿಡ್ ಹೌಸ್’ ಎಂಬ ಪ್ರಕಾರವನ್ನು ಕಂಡುಕೊಂಡ ಕೃತಿ ಪ್ರಕಟವಾದದ್ದು 1987ರಲ್ಲಿ. ಅವರಿಗೆ ಇವರ ಸುಳಿವಿರಲಿಲ್ಲ, ಇವರಿಗೆ ಅವರದೂ ಇರಲಿಲ್ಲ. ಸಿಂಗ್ ಅವರ ತಟ್ಟೆ ಮೂಲೆ ಸೇರಿತು. 2010ರಲ್ಲಿ ನೆದರ್ಲೆಂಡ್ಸಿನ ಲೇಬಲ್ಲೊಂದು ಅದನ್ನು ಮರುಮುದ್ರಿಸಿತು. ತಟ್ಟೆಯ ಮೇಲೆ ಹೆಸರಿದ್ದುದರಿಂದ ಹುಡುಕಿ ಬಂದವರಿಗೆ ವ್ಯಕ್ತಿ ದೊರೆತರು. 2015ರಲ್ಲಿ ನಿಧನರಾಗುವ ಮುನ್ನ ಅವರು ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿ ಬಂದರು.

ನಮ್ಮ ಹುಡುಗನು ಈಗ ನೋಟುಬುಕ್ಕಿನಲ್ಲಿ ಪಟ್ಟಿ ಮಾಡಿದ್ದಾನೆ. ಅವನು ಜೋಡಿಸಿದ್ದು 9 ಕೃತಿಗಳು. 6ಕ್ಕೆ ರಚನಕಾರರ ಹೆಸರು, ಲೇಬಲ್, ವರ್ಷ ದೊರೆತಿವೆ. ಉಳಿದ ಮೂರರ ವೇಗವನ್ನು ಅವನೇ ಬಹಳವಾಗಿ ಬದಲಿಸಿದ್ದರಿಂದ ಹಾಡು ಗುರುತಿಸುವ ಆ್ಯಪ್ ಕೈಚೆಲ್ಲಿತು. ಮೂಲ ಎಲ್ಲಿಂದ ಇಳಿಸಿಕೊಂಡದ್ದೆಂಬ ನೆನಪೂ ಅವನಿಗಿಲ್ಲ. ಆ ಮೂರು ಸಾಲುಗಳನ್ನು ಖಾಲಿ ಬಿಡಿಸಿದ್ದೇನೆ. ಪಟ್ಟಿ ತೋರಿಸಲು ಮನೆಗೆ ಹೋದಾಗ ತಾಯಿಗೆ ಸಿಂಗ್ ಅವರ ಭೈರವಿಯನ್ನು ಕೇಳಿಸಿದೆವು. ಅವರು ಕಸೂತಿಯನ್ನು ಪಕ್ಕಕ್ಕಿಟ್ಟು ಕೇಳಿ, “ಭೈರವಿ ಐತ್ರಿ ಸರ. ಆದರ ಇವರಿಗೆ ಇಷ್ಟ್ ಅವಸರ ಯಾಕ?” ಎಂದರು.